ಫ್ರೀಜರಿನ ಹಿಂದಿನ ಹಗ್ಗ

ಕೆಟ್ಟು ಕೂತ ಫ್ರೀಜರಿನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಬಿಚ್ಚಿದರೆ ಎಲ್ಲೋ ಒಂದು ಕಡೆ ರೋಗ ಸಿಗುತ್ತದೆ, ರಿಪೇರಿ ಮಾಡಿದರೆ ಮುಗಿಯಿತು. ನಾನು ಎದುರಿಗಿದ್ದಾಗ ಸಂಭಾವಿತನ ಹಾಗೆ ಓಡಿ, ಬೆನ್ನು ತಿರುಗಿಸಿದ ನಾಲ್ಕು ದಿನಕ್ಕೆ ಮಲಗುವ ಫ್ರೀಜರು ಮಾತ್ರ ನನ್ನ ಪಿತ್ತ ನೆತ್ತಿಗೇರಿಸುತ್ತದೆ. ಯಲ್ಲಾಪುರದ ಹೆದ್ದಾರಿಯ ಒಂದು ಖಾನಾವಳಿಯಲ್ಲಿ ನಾನೇ ಕೂರಿಸಿಕೊಟ್ಟ ಫ್ರೀಜರು ಅಂಥದ್ದು.

ನನ್ನ ಅಂಗಡಿ ಇರುವುದು ಶಿರಸಿಯಲ್ಲಿ. ಹುಟ್ಟಿದ್ದು ಗುಡ್ನಾಪುರದ ಕಡೆ, ಒಕ್ಕಲು ಮನೆತನ. ಗದ್ದೆ ಬಿಟ್ಟು ಸ್ಪ್ಯಾನರು ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ಸಿದ್ದಾಪುರದ ಬೇಕರಿ, ಭೈರುಂಬೆ ಕಡೆಯ ಹಾಲಿನ ಡೇರಿ, ಯಲ್ಲಾಪುರದ ಐಸ್‌ಕ್ರೀಮ್ ಅಂಗಡಿ, ತಣ್ಣಗಿರಬೇಕಾದದ್ದು ಎಲ್ಲಿ ಬಿಸಿಯಾದರೂ ಫೋನು ನನಗೇ ಬರುತ್ತದೆ.

ಖಾನಾವಳಿಯ ಅಕ್ಕ ಅಂಕೋಲೆ ಕಡೆಯವರು. ಹತ್ತು ವರ್ಷ ಬೇರೆಯವರ ಹೋಟೆಲಿನಲ್ಲಿ ಪಾತ್ರೆ ತೊಳೆದು, ಆಮೇಲೆ ಸ್ವಂತಕ್ಕೆ ನಾಲ್ಕು ಬೆಂಚು ಹಾಕಿ ಮೀನೂಟ ಶುರು ಮಾಡಿದವರು. ಗಿರಾಕಿಗಳೆಲ್ಲ ಲಾರಿ ಡ್ರೈವರುಗಳು. ಅಂಕೋಲೆಯಿಂದ ಘಟ್ಟ ಹತ್ತಿ ಬಂದವರು ಇಲ್ಲಿ ಉಂಡು ಹುಬ್ಬಳ್ಳಿಗೆ ಹೋಗುತ್ತಾರೆ, ವಾಪಸು ಇಳಿಯುವಾಗ ಮತ್ತೆ ಉಣ್ಣುತ್ತಾರೆ. ಮೀನು ದಿನಾ ಬೆಳಿಗ್ಗೆ ಕೆಳಗಿನಿಂದ ಟೆಂಪೋದಲ್ಲಿ ಬರುತ್ತಿತ್ತು. ಕಷ್ಟ ಇದ್ದದ್ದು ಮಳೆಗಾಲದ ಎರಡು ತಿಂಗಳು. ಆಗ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಬಂದ್. ಹಿಂದಿನ ವರ್ಷ ಆ ಎರಡು ತಿಂಗಳು ಬರೀ ಮೊಟ್ಟೆ ಸಾರು ಬಡಿಸಿ, ಅರ್ಧಕ್ಕರ್ಧ ಗಿರಾಕಿಗಳನ್ನು ಮುಂದಿನ ಢಾಬಾಕ್ಕೆ ಬಿಟ್ಟುಕೊಟ್ಟಿದ್ದರು.

“ಈ ವರ್ಷ ಬಂದ್ ಬೀಳೂದ್ರೊಳಗೆ ಮೀನು ತುಂಬ್ಸಿ ಇಟ್ಕಳ್ಬೇಕು ತಮಾ,” ಎಂದು ನನ್ನ ಅಂಗಡಿಗೇ ಬಂದು ಹೇಳಿದರು. “ಗಿರಾಕಿ ಇನ್ನೊಂದ್ಸಲ ಹೋದ್ರೆ ನಾನು ಮತ್ತೆ ಮಂದಿ ಪಾತ್ರೆ ತಿಕ್ಕೂಕೆ ಹೋಗ್ಬೇಕು. ಅದೊಂದು ನನ್ನ ಕೈಲಿ ಆಗೂದಿಲ್ಲ.”

ಬಾಗಿಲು ಹಾಕಿದ ಒಂದು ಅಂಗಡಿಯ ಹಳೆ ಫ್ರೀಜರು ನನ್ನ ಹತ್ತಿರ ಇತ್ತು. ಗ್ಯಾಸ್ ತುಂಬಿ, ಮುಚ್ಚಳದ ರಬ್ಬರು ಬದಲಿಸಿ, ಯಲ್ಲಾಪುರಕ್ಕೆ ಒಯ್ದು ಖಾನಾವಳಿಯ ಹಿಂದಿನ ಕೋಣೆಯಲ್ಲಿ ಕೂರಿಸಿದೆ. ಗೋಡೆಯಿಂದ ಒಂದು ಮೊಳ ದೂರ, ಕಾಲಡಿ ಹಲಗೆ, ಮಟ್ಟ ಸರಿ. ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಹಿಂಬದಿಯ ಜಾಲರಿಯಿಂದ ಬಿಸಿಗಾಳಿ ಬರತೊಡಗಿತು. ತಣ್ಣಗೆ ಮಾಡುವ ಪೆಟ್ಟಿಗೆ ಬಿಸಿ ಉಗುಳುವುದು ನೋಡಿ ಅಕ್ಕ ಅಂಗೈ ಒಡ್ಡಿ ಬೆರಗಾಗಿ ನಿಂತರು. ಒಳಗಿನ ಬಿಸಿಯನ್ನು ಎಳೆದು ಹೊರಗೆ ಹಾಕುತ್ತದೆ ಎಂದು ತಿಳಿಸಿ ಹೇಳಿದೆ. ಇನ್ನೂ ಏನೇನೋ ಹೇಳಿರಬೇಕು. ಕೆಲಸ ಚೆನ್ನಾಗಿ ಮುಗಿದ ದಿನ ನನ್ನ ನಾಲಿಗೆಗೆ ಲಗಾಮಿರುವುದಿಲ್ಲ.

ಮೀನು ಬಂದ್ ಆಗುವ ಮೊದಲು ಫ್ರೀಜರು ಬಾಯಿತನಕ ತುಂಬಿತು: ಬಂಗಡೆ, ಇಸ್ವಾಣ, ಸಿಗಡಿ. ಮಳೆ ಹಿಡಿದು ಹತ್ತು ದಿನವಾಗಿರಬಹುದು, ಫೋನು ಬಂತು. “ತಮಾ, ಫ್ರೀಜರು ನಿಂತದೆ.” ಈಗಲೇ ಹೊರಟೆ ಎಂದು ಹೇಳಿ ಬೈಕು ಹತ್ತಿದೆ. ಮಳೆಯಲ್ಲಿ ಶಿರಸಿಯಿಂದ ಒಂದೂವರೆ ತಾಸು. ನಾನು ಮುಟ್ಟುವಷ್ಟರಲ್ಲಿ ಫ್ರೀಜರು ತನ್ನಷ್ಟಕ್ಕೆ ಓಡುತ್ತಿತ್ತು. ಕೋಣೆ ಗುಡಿಸಿ ಒರೆಸಿತ್ತು, ನನಗೊಂದು ಕುರ್ಚಿ ಹಾಕಿತ್ತು, ಚಹಾ ಸಿದ್ಧವಿತ್ತು. ಕರೆಂಟು ಎಷ್ಟು ಎಳೆಯುತ್ತದೆ ಎಂದು ಮೀಟರು ಹಿಡಿದು ನೋಡಿದೆ, ಸರಿ ಇತ್ತು. ಕಂಪ್ರೆಸರು ವಿಪರೀತ ಕಾದರೆ ಅದನ್ನು ನಿಲ್ಲಿಸುವ ಸಣ್ಣ ಬಿಲ್ಲೆಯೊಂದು ಇರುತ್ತದೆ, ಓವರ್‌ಲೋಡ್ ಅನ್ನುತ್ತೇವೆ. ಅದನ್ನು ಬದಲಿಸಿ ಬಂದೆ. ನಾಲ್ಕೇ ದಿನಕ್ಕೆ ಮತ್ತೆ ಫೋನು. ಮತ್ತೆ ಹೋದೆ, ಮತ್ತೆ ಓಡುತ್ತಿತ್ತು. ಈ ಸಲ ತಪ್ಪನ್ನು ವೋಲ್ಟೇಜಿನ ಮೇಲೆ ಹೊರಿಸಿ ಸ್ಟೆಬಿಲೈಜರ್ ಹಾಕಿದೆ. ಮಳೆಗಾಲದಲ್ಲಿ ವೋಲ್ಟೇಜನ್ನು ಬೈದರೆ ಯಾರೂ ಅಲ್ಲವೆನ್ನುವುದಿಲ್ಲ.

ಮೂರನೆಯ ಸಲ ಹೋದಾಗ ಅಕ್ಕ ಖಾನಾವಳಿಯ ಹಿತ್ತಿಲಲ್ಲಿ ಗುಂಡಿ ತೋಡುತ್ತಿದ್ದರು. ಪಕ್ಕದಲ್ಲಿ ಒಂದು ಬುಟ್ಟಿ ಬಂಗಡೆ. ಒಂದನ್ನು ಎತ್ತಿ ನನ್ನೆದುರು ಹಿಡಿದು ಹೆಬ್ಬೆರಳಲ್ಲಿ ಒತ್ತಿದರು. ಬೆರಳು ಒಳಗೆ ಹೋಯಿತು.

“ಮೇಲಿನ ಸಾಲು ಪೂರಾ ಹೋಯ್ತು,” ಅಂದರು. “ಗಟ್ಟಿ ಇದ್ದ ಮೀನು ಕಲ್ಲಿಗೆ ಕುಟ್ಟಿದ್ರೆ ಟಣ್ ಅಂತದೆ. ಇದು ಎಂತದೂ ಅನ್ನೂದಿಲ್ಲ. ಇನ್ನೊಂದ್ಸಲ ನಿಂತ್ರೆ ಉಳ್ದದ್ದೂ ಇದೇ ಗುಂಡಿಗೆ.”

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೂರಿಸಿ ಊಟ ಬಡಿಸಿದರು, ನಾಚಿಕೆಯಿಂದ ತಲೆ ತಗ್ಗಿಸಿಯೇ ಉಂಡೆ.

ಉಂಡು ಎದ್ದವನು ಜಾಲರಿ ಬಿಚ್ಚಿ ಬ್ರಷ್ ಹಾಕಿದೆ. ಹಿಂದಿನ ಎರಡು ಸಲವೂ ಒಳಗೆ ಕಸ ಸಿಕ್ಕಿತ್ತು. ಹೆದ್ದಾರಿಯ ಧೂಳು ಎಂದು ಝಾಡಿಸಿ ಬಿಟ್ಟಿದ್ದೆ. ಈ ಸಲ ಬೆಳಕಿಗೆ ಹಿಡಿದು ನೋಡಿದೆ. ನೂಲಿನ ಎಳೆಗಳು; ಕೆಂಪು, ನೀಲಿ, ಬಿಳಿ. ಯಾವ ಲಾರಿಯ ಚಕ್ರವೂ ಕೆಂಪು ನೂಲು ಎಬ್ಬಿಸುವುದಿಲ್ಲ. ಅದಿರಲಿ, ಸುರಿಯುವ ಮಳೆಯಲ್ಲಿ ಹೆದ್ದಾರಿಗೆ ಧೂಳಾದರೂ ಎಲ್ಲಿಂದ ಬರಬೇಕು? ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

“ಅಕ್ಕಾರ, ಇದರ ಹಿಂದ ಏನರ ತುರುಕ್ತೀರೇನ್ರಿ?” ಎಂದು ಕೇಳಿದೆ.

“ಎಂತದೂ ಇಲ್ಲ ತಮಾ. ನೀ ಹೇಳ್ದಂಗೇ ಮೊಳ ಜಾಗ ಬಿಟ್ಟಿದೆ, ನೋಡು.”

ನೋಡಿದೆ. ಕನ್ನಡಿಯ ಹಾಗೆ ಚೊಕ್ಕಟವಾಗಿತ್ತು. ಆ ಚೊಕ್ಕಟವೇ ಶಿರಸಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನ ತಲೆ ತಿಂದಿತು. ಪ್ರತಿ ಸಲ ನಾನು ಫೋನಿನಲ್ಲಿ ಹೇಳಿಯೇ ಹೊರಡುವವನು. ನಮ್ಮ ಕಡೆ ಮೆಕ್ಯಾನಿಕ್ ಬರುತ್ತಾನೆಂದರೂ ನೆಂಟರು ಬಂದ ಹಾಗೆ. ಗುಡಿಸಿ, ಹರವಿದ್ದನ್ನೆಲ್ಲ ಒಳಗೆ ತಳ್ಳಿ, ಚಹಾಕ್ಕೆ ನೀರಿಟ್ಟು ಕಾಯುತ್ತಾರೆ. ಅಂದರೆ ಮೂರು ಸಲವೂ ನಾನು ಪರೀಕ್ಷೆ ಮಾಡಿದ್ದು ಗುಡಿಸಿಟ್ಟ ಕೋಣೆಯಲ್ಲಿ. ಇನ್ನು ಫೋನು ಮಾಡದೆ ಹೋಗುತ್ತೇನೆ, ರೋಗ ಕೈಗೆ ಸಿಗುವವರೆಗೆ ಅಲ್ಲಿಂದ ಕದಲುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಎರಡು ದಿನ ಬಿಟ್ಟು ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆ. ಮುಂದೆ ಆರೇಳು ಲಾರಿ ನಿಂತಿದ್ದವು. ಅಡುಗೆಮನೆ ದಾಟಿ ಹಿಂದಿನ ಕೋಣೆಗೆ ನುಗ್ಗಿದೆ. ಫ್ರೀಜರಿನ ಹಿಂದೆ, ಗೋಡೆಯ ಎರಡು ಮೊಳೆಗಳಿಗೆ ಒಂದು ಹಗ್ಗ. ಹಗ್ಗದ ಮೇಲೆ ಹದಿನೈದಿಪ್ಪತ್ತು ಟವೆಲ್ಲು, ಲುಂಗಿ, ಒಂದು ಕಂಬಳಿ. ಒದ್ದೆ ತುದಿಗಳು ಜಾಲರಿಗೆ ಅಂಟಿಕೊಂಡು ಗಾಳಿಗೆ ದಾರಿಯೇ ಇರಲಿಲ್ಲ. ಕಂಪ್ರೆಸರು ಮುಟ್ಟಿದರೆ ಕೈ ಸುಟ್ಟಿತು.

“ಯಾರ್ರಿ ಇದನ್ನ ಕಟ್ಟಿದ್ದು?” ಎಂದು ಕೂಗಿದೆ. “ಮಷಿನ್ ಉಸುರು ಕಟ್ಟಿ ಸಾಯಾಕತ್ತೈತಿ, ನಾನು ಶಿರಸಿಯಿಂದ ಹುಚ್ಚರಂಗ ಓಡಾಡಾಕತ್ತೀನಿ. ಬುದ್ಧಿ ಐತೇನ್ರಿ ನಿಮಗ?”

ಉಣ್ಣುತ್ತಿದ್ದ ಡ್ರೈವರುಗಳು ಕೈ ನಿಲ್ಲಿಸಿ ನೋಡಿದರು. ಅಕ್ಕ ಸೌಟು ಹಿಡಿದೇ ಬಂದರು. ಹಗ್ಗ ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಅಂದರು: “ನೀನೇ ಹೇಳಿದ್ದಲ್ವಾ ತಮಾ.”

“ನಾನಾ?”

“ಕೂರ್ಸಿದ ದಿನ.” ನನ್ನದೇ ಧಾಟಿಯಲ್ಲಿ ಹೇಳಿ ತೋರಿಸಿದರು: “‘ಮಳಿಗಾಲದಾಗ ಇದರ ಹಿಂದ ಒಂದು ಟವೆಲ್ ಹಾಕಿ ನೋಡ್ರಿ ಅಕ್ಕಾರ, ತಾಸಿನಾಗ ಹಪ್ಪಳ ಆಕ್ಕೈತಿ’ ಅಂದಿ. ಅದಕ್ಕೇ ಹಗ್ಗ ಕಟ್ದೆ.”

ನೆನಪಾಯಿತು. ಹೇಳಿದ್ದೆ. ಅಂಗೈ ಒಡ್ಡಿ ಬೆರಗಾಗಿ ನಿಂತವರ ಎದುರು ಜಂಬ ಕೊಚ್ಚಿಕೊಳ್ಳಲು ಆಡಿದ ಮಾತು. ಅವರು ಅದನ್ನು ಮೆಕ್ಯಾನಿಕ್ಕಿನ ಮಾತು ಎಂದು ನಂಬಿದ್ದರು. ಆ ಒಂದು ಬುಟ್ಟಿ ಬಂಗಡೆಯನ್ನು ಗುಂಡಿಗೆ ಹಾಕಿಸಿದವನು ನಾನು. ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯಲಿಲ್ಲ.

“ಮತ್ತ ನಾ ಬಂದಾಗೆಲ್ಲ ಯಾಕ ತಗದಿಡ್ತಿದ್ರಿ?” ಎಂದೆ, ದನಿ ಇಳಿಸಿ.

“ನೀನು ಬರ್ತೆ ಅಂದ್ಮೇಲೆ ಮಂದಿ ಒದ್ದೆ ಲುಂಗಿ ನಿನ್ನ ಮೋರೆಗೆ ಹಿಡಿಯೂದಾ? ಮರ್ಯಾದೆ ಬೇಡ್ವಾ? ನೀ ಕೇಳಿದ್ದು ತುರುಕೂದು, ನಾ ಮಾಡ್ದದ್ದು ಒಣಗ್ಸೂದು.”

ಹಗ್ಗ ಬಿಚ್ಚಿ, ಬಟ್ಟೆಯೆಲ್ಲ ಮಡಚಿ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದರಂತೆ. ಜಾಲರಿ ಖಾಲಿಯಾಗಿ, ನಾನು ಬರುವಷ್ಟರಲ್ಲಿ ಕಂಪ್ರೆಸರು ತಣಿದು ಓಡುತ್ತಿತ್ತು. ಹಗ್ಗ ಕಿತ್ತರೆ ಮುಗಿಯಿತು ಎಂದು ಕೈ ಹಾಕಿದೆ. ಅಕ್ಕ ಇನ್ನೊಂದು ತುದಿ ಹಿಡಿದುಕೊಂಡರು.

“ಡ್ರೈವರುಗಳು ಘಟ್ಟದಲ್ಲಿ ಲೋಡಿನ ಮೇಲೆ ತಾಡಪಾಲ ಕಟ್ಟಿ ಕಟ್ಟಿ ತೊಪ್ಪೆ ಆಗಿ ಬರ್ತಾರೆ,” ಅಂದರು. “ಒದ್ದೆದು ಇಲ್ಲಿ ಬಿಡ್ತಾರೆ, ಹೋದ ಸಲ ಬಿಟ್ಟ ಒಣಗಿದ್ದು ತಕಂಡು ಹೋಗ್ತಾರೆ. ಟವೆಲ್ಲು ಇಲ್ಲಿದ್ಮೇಲೆ ಇಳಿಯುವಾಗ ಇಲ್ಲೇ ನಿಲ್ಸೂಕೆ ಬೇಕು. ಫ್ರೀಜರು ಹೋದ್ರೂ ನಾ ಮುಳುಗ್ದೆ, ಹಗ್ಗ ಹೋದ್ರೂ ಮುಳುಗ್ದೆ ತಮಾ.”

ಎರಡೂ ಉಳಿಯಬೇಕು. ಬಾಯಿಂದ ಕೆಡಿಸಿದ್ದನ್ನು ಕೈಯಿಂದ ಸರಿಮಾಡದೆ ಈ ಕೋಣೆ ಬಿಟ್ಟು ಹೋಗಬಾರದು ಎಂದು ಅಲ್ಲೇ ತೀರ್ಮಾನಿಸಿದೆ. ಗುಜರಿ ಅಂಗಡಿಯಿಂದ ಹಳೆ ಫ್ರಿಜ್ಜುಗಳ ಒಳಗಿನ ತಂತಿಯ ತಟ್ಟೆಗಳನ್ನು ಹೊತ್ತು ತಂದೆ. ನಾಲ್ಕು ಜನ ಡ್ರೈವರುಗಳು ಕೈ ತೊಳೆದು ಬಂದು, ತುಂಬಿದ ಫ್ರೀಜರನ್ನು ಗೋಡೆಯಿಂದ ಇನ್ನೂ ಎರಡು ಮೊಳ ಮುಂದಕ್ಕೆ ಸರಿಸಿಕೊಟ್ಟರು. ತಟ್ಟೆಗಳನ್ನು ಒಂದಕ್ಕೊಂದು ಬಿಗಿದು, ಮೊಳೆ ಹೊಡೆದು ಗೋಡೆಗೆ ಕೂರಿಸಿದೆ. ಬಿಸಿಗಾಳಿ ಬಟ್ಟೆಗೆ ತಾಗಬೇಕು, ಬಟ್ಟೆ ಜಾಲರಿಗೆ ತಾಗಬಾರದು. ಹಗ್ಗ ಬಿಚ್ಚಿ, ಟವೆಲ್ಲುಗಳನ್ನು ಒಂದೊಂದಾಗಿ ತಂತಿಯ ಮೇಲೆ ನಾನೇ ಹರವಿದೆ. ಸಂಜೆಯವರೆಗೆ ಕುರ್ಚಿ ಹಾಕಿಕೊಂಡು ಕಾದು ಕೂತೆ. ಫ್ರೀಜರು ನಿಲ್ಲಲಿಲ್ಲ. ಆಮೇಲೆ ವಾರಕ್ಕೊಮ್ಮೆ, ಫೋನು ಮಾಡದೆ, ಹೋಗಿ ಬ್ರಷ್ ಹಾಕಿ ಬರುತ್ತಿದ್ದೆ.

ಬೋಟುಗಳು ಮತ್ತೆ ಕಡಲಿಗೆ ಇಳಿಯುವ ಹಿಂದಿನ ದಿನ ಹೋದಾಗ ಕೋಣೆ ಗುಡಿಸಿರಲಿಲ್ಲ. ತಂತಿಯ ತುಂಬ ಟವೆಲ್ಲು, ಬೆಂಚುಗಳ ತುಂಬ ಡ್ರೈವರುಗಳು. ಅಕ್ಕ ಫ್ರೀಜರಿನ ಮುಚ್ಚಳ ಎತ್ತಿ, ತಳದ ಕೊನೆಯ ಸಾಲಿನಿಂದ ಒಂದು ಬಂಗಡೆ ತೆಗೆದು ಅರೆಯುವ ಕಲ್ಲಿಗೆ ಕುಟ್ಟಿದರು.

ಟಣ್ ಅಂದಿತು.

ನನಗೆ ಕಣ್ಣು ತುಂಬಿ ಬಂತು. ಏನೋ ಹೇಳಬೇಕೆಂದು ಬಾಯಿ ತೆರೆದೆ.

“ನೀ ಎಂತದೂ ಹೇಳ್ಬೇಡ ತಮಾ,” ಎಂದು ಅಕ್ಕ ತಟ್ಟೆ ಮುಂದಿಟ್ಟರು. “ಉಣ್ಣು.”