ಮೊಟ್ಟೆ ಇಲ್ಲದ ಗೇರುಬೀಜದ ಕೇಕು

ನನಗೆ ಕೇಕು ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಬೊಂಬಾಯಿಯ ಮುಲುಂಡಿನ ಆ ಒಂದು ಕೋಣೆ. ಕೇಕು ಅದರ ದಾರಿಯಲ್ಲಿ ಬಂತು, ಮಾಡಿದೆ.

ಕೋಣೆ ಎಂದರೆ ದೊಡ್ಡದೇನಲ್ಲ. ಸ್ಟೇಶನ್ನಿನಿಂದ ನಡೆದು ಹೋಗುವಷ್ಟು ದೂರದ ಚಾಳಿನಲ್ಲಿ ಮಹಡಿಯ ಕೊನೆಯ ಕೋಣೆ. ಒಂದು ಕಿಟಕಿ, ಪಾತ್ರೆ ತೊಳೆಯಲು ಒಂದು ಮೋರಿ, ಇದ್ದಿಲ ಒಲೆ ಇಡಲು ಒಂದು ಕಲ್ಲಿನ ಕಟ್ಟೆ. ನೀರನ್ನು ಕೆಳಗಿನ ನಲ್ಲಿಯಿಂದ ಹೊತ್ತು ತರಬೇಕು. ನನ್ನ ಗಂಡ ಸ್ಟೇಶನ್ ಹತ್ತಿರದ ನಮ್ಮೂರಿನವರ ಹೋಟೆಲಿನಲ್ಲಿ ಸಿಹಿತಿಂಡಿ ಮಾಡುತ್ತಿದ್ದ. ಕೋಣೆ ಹೋಟೆಲ್ ಧಣಿಯದ್ದು. ಹೋಟೆಲಿಗೆ ಕೆಲಸ ಮಾಡುವವರಿಗೆ ಮಾತ್ರ ಕೋಣೆ ಎಂಬುದು ಅವರ ಕ್ರಮ. ಐವತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ಗಂಡ ಜ್ವರ ಬಂದು ಸತ್ತ. ಮಕ್ಕಳಿರಲಿಲ್ಲ. ಅವನ ಜಾಗಕ್ಕೆ ಹೊಸಬ ಬಂದ. ಹೊಸಬನಿಗೆ ಕೋಣೆ ಬೇಕು. ಇದರಲ್ಲಿ ಧಣಿಯನ್ನು ದೂರುವುದಕ್ಕೇನೂ ಇಲ್ಲ.

ಊರಿನಿಂದ ಅಣ್ಣ ಕಾರ್ಡು ಬರೆದ. ಎರಡನೇ ಕ್ಲಾಸಿನವರೆಗೆ ಕಲಿತವಳಾದ್ದರಿಂದ ಅಕ್ಷರ ಕೂಡಿಸಿ ನಾನೇ ಓದಿದೆ. ಮಳೆ ನಿಂತು ಹಡಗು ಶುರುವಾದ ಕೂಡಲೇ ಬರುತ್ತೇನೆ, ಸಾಮಾನು ಕಟ್ಟಿಕೊಂಡಿರು ಎಂದಿತ್ತು. ಅಣ್ಣ ಕೆಟ್ಟವನಲ್ಲ. ಆದರೆ ನಮ್ಮ ಮನೆಯಲ್ಲಿ ಗಂಡ ಸತ್ತು ಬಂದ ಒಬ್ಬ ಚಿಕ್ಕಮ್ಮ ಇದ್ದಳು. ಭತ್ತ ಬೇಯಿಸುವುದು ಅವಳು, ಹಟ್ಟಿ ಗುಡಿಸುವುದು ಅವಳು, ಯಾರ ಬಾಣಂತನವಾದರೂ ಅವಳು. ಅವಳಿಗೆ ಊಟಕ್ಕೆ ಕಡಿಮೆ ಇರಲಿಲ್ಲ. ಆದರೆ ಯಾರಾದರೂ ಬಡಿಸುವವರೆಗೆ ಕಾಯಬೇಕಿತ್ತು. ನನಗೆ ಕಾಯಲು ಬರುವುದಿಲ್ಲ.

ಕೋಣೆಯ ಮಾತೆತ್ತಲು ಧಣಿ ಒಂದು ದಿನ ಬಾಗಿಲಿಗೆ ಬಂದರು.

"ಎಂತ ಮಾಡುದು, ನೀನೇ ಹೇಳು. ಹೊಸ ಜನ ಹೋಟೆಲಿನ ಬೆಂಚಿನಲ್ಲಿ ಮಲಗ್ತಾ ಇದ್ದಾನೆ."

"ನನಗೂ ಕೆಲಸ ಕೊಡಿ. ಆಗ ರೂಮು ನನಗೇ ಇರ್ತದಲ್ಲ."

"ಹೆಂಗಸರನ್ನು ಹೋಟೆಲ್ ಅಡುಗೆಮನೆಗೆ ಸೇರಿಸಿದ್ದು ಎಲ್ಲಿಯಾದ್ರೂ ಉಂಟಾ? ಒಳಗಿನವರೆಲ್ಲ ಬಿಟ್ಟು ಓಡ್ತಾರೆ."

"ಓಡಿದ್ರೆ ಅವರ ಕೆಲಸವನ್ನೂ ನಾನೇ ಮಾಡ್ತೇನೆ."

ಧಣಿ ನಕ್ಕರು. ನಗು ಬಂದ ಮೇಲೆ ಮನುಷ್ಯನಿಗೆ ಮಾತು ಸಡಿಲವಾಗುತ್ತದೆ. "ಒಂದು ಕೆಲಸ ಉಂಟು ನೋಡು. ನಮ್ಮ ಗುಜರಾತಿ ಸೇಠ್ ಒಬ್ಬರಿಗೆ ಮೊಮ್ಮಗನ ಬರ್ತ್‌ಡೇಗೆ ಕೇಕು ಬೇಕಂತೆ. ಮೊಟ್ಟೆ ಮಾತ್ರ ಆಗ್ಬಾರದು. ಬೇಕರಿಯವ ಕೈ ಎತ್ತಿದ. ನಮ್ಮ ಹೊಸಬ ಒಂದು ಮಾಡಿದ. ಸೇಠ್ ನೋಡಿ, ಢೋಕ್ಲಾ ಚೆನ್ನಾಗಿದೆ ಅಂದ್ರು. ಒಂದು ಸರಿಯಾಗಿ ಬಂದ್ರೆ ಆ ಗಲ್ಲಿಯವರೆಲ್ಲ ನಮ್ಮಲ್ಲಿಗೇ ಬರ್ತಾರೆ. ಅದನ್ನು ಮಾಡಿ ಕೊಡು, ರೂಮಿನಲ್ಲಿ ಆರಾಮ ಇರು."

"ಆಯ್ತು. ಆಮೇಲೆ ಮಾತು ಬದಲಿಸಬಾರದು."

"ತಮಾಷೆಗೆ ಹೇಳಿದ್ದು ಮಾರಾಯ್ತಿ."

"ನಾನು ತಮಾಷೆಗೆ ಕೇಳಲಿಲ್ಲ," ಎಂದೆ.

ಕೇಕನ್ನು ನಾನು ತಿಂದಿದ್ದೆ. ಪಕ್ಕದ ಕೋಣೆಯಲ್ಲಿ ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು ಇದ್ದಳು. ಬಾಯಮ್ಮ ಎಂದೇ ನಾನು ಕರೆಯುತ್ತಿದ್ದೆ. ಕ್ರಿಸ್ಮಸ್ಸಿಗೆ ಮೊಟ್ಟೆ ಒಡೆದು ಒಡೆದು ಹಾಕಿ ಕೇಕು ಮಾಡಿ ನನಗೂ ಕೊಡುತ್ತಿದ್ದಳು. ಮೀನು ಮೊಟ್ಟೆ ನಮ್ಮಲ್ಲಿ ನಡೆಯುತ್ತದೆ, ತಿನ್ನುತ್ತಿದ್ದೆ. ಆದರೆ ಮೊದಲ ಸಲ ಅವಳನ್ನು ಕೇಳಲಿಲ್ಲ. ಹಿಟ್ಟು ಉಬ್ಬಬೇಕು, ಅಷ್ಟೇ ತಾನೆ. ಹಿಟ್ಟು ಉಬ್ಬಿಸುವುದನ್ನು ಉಡುಪಿ ಕಡೆಯವಳಿಗೆ ಬೇರೆಯವರು ಹೇಳಿಕೊಡಬೇಕೆ ಎಂದು ನನ್ನ ಲೆಕ್ಕ.

ಮೊಟ್ಟೆಯ ಬದಲಿಗೆ ಗೇರುಬೀಜವನ್ನು ನೆನೆಸಿ ಪಾಯಸಕ್ಕೆ ಅರೆಯುವಂತೆ ಕಲ್ಲಿನಲ್ಲಿ ನುಣ್ಣಗೆ ಅರೆದೆ. ಮೈದಾ, ಸಕ್ಕರೆ, ಮೊಸರು, ಸೋಡಾ ಎಲ್ಲ ಕಲಸಿ, ಇಡ್ಲಿ ಹಿಟ್ಟಿನ ಹಾಗೆ ಬಟ್ಟೆ ಮುಚ್ಚಿ ಮಾರನೆಯ ದಿನಕ್ಕೆ ಇಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಹಿಟ್ಟು ಪಾತ್ರೆಯಿಂದ ಹೊರಗೆ ಹರಿದು ಕಟ್ಟೆಯ ಮೇಲೆ ನಿಂತಿತ್ತು. ನನಗೆ ಖುಷಿಯೇ ಆಯಿತು. ಬಾಯಮ್ಮ ಬಾಗಿಲಿಗೆ ಬಂದು ಮೂಗು ಮುಚ್ಚಿದಳು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಎಂತ, ಸಾರಾಯಿ ಇಳಿಸ್ತಾ ಇದ್ದೀಯಾ ಒಳಗೆ? ದಾರೂಬಂದಿ ಕಾಲ. ಪೊಲೀಸರು ಬಂದ್ರೆ ನಾನು ನಿನ್ನನ್ನು ನೋಡಿಯೇ ಇಲ್ಲ ಅಂತ ಹೇಳುದು."

"ಕೇಕಿನ ಹಿಟ್ಟು."

"ಇದಾ? ಇದನ್ನು ತಿಂದ ಮಗು ಹಾಡು ಹೇಳ್ತಾ ಬೀದಿಯಲ್ಲಿ ಬಿದ್ದಿರ್ತದೆ."

ಆದರೂ ಬೇಯಿಸಿದೆ. ಇಟ್ಟಿಗೆಯಂತೆ ಬಂತು, ಹುಳಿ ಹುಳಿ. ಕಾಗೆಗೆ ಹಾಕಿದೆ. ಕಾಗೆ ಮೂಸಿ ಹೋಯಿತು.

ಆಮೇಲೆ ಬಾಯಮ್ಮನನ್ನೇ ಕೂರಿಸಿ ಕೇಳಿದೆ. ಸೋಡಾ ಮೊಸರಿಗೆ ತಾಗಿದ ಕ್ಷಣದಿಂದ ಉಬ್ಬಲು ಶುರು, ಆಗಲೇ ಕೆಂಡದ ಮೇಲೆ ಏರಿಸಬೇಕು, ಕಾಯಲು ಬಿಟ್ಟರೆ ಅದರ ಜೀವ ಹೋಗುತ್ತದೆ ಎಂದಳು. ದೊಡ್ಡ ಪಾತ್ರೆಯ ತಳಕ್ಕೆ ಮರಳು ಹಾಕಿ ಕಾಯಿಸಿ, ಅದರೊಳಗೆ ಕೇಕಿನ ಪಾತ್ರೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡುವುದನ್ನು ತೋರಿಸಿದಳು. ಮೊಟ್ಟೆಯ ವಿಷಯಕ್ಕೆ ಮಾತ್ರ ತಲೆ ಅಲ್ಲಾಡಿಸಿದಳು.

"ಮೊಟ್ಟೆ ಇಲ್ಲದ ಕೇಕು ನನ್ನ ಅಜ್ಜಿಯೂ ಕಾಣಲಿಲ್ಲ. ಒಂದೇ ಒಂದು ಹಾಕು. ಸೇಠ್ ಹೊಟ್ಟೆ ಕೊಯ್ದು ನೋಡ್ತಾನಾ?"

"ಬೇಡ. ಆಗುದಿಲ್ಲ ಅಂದದ್ದು ಆಗುದಿಲ್ಲ."

ಅವಳು ತನ್ನ ಕೇಕಿನ ತಗಡಿನ ಟಿನ್ನು ಕೊಡಲು ಬಂದಳು. ಅದನ್ನೂ ಬೇಡ ಎಂದೆ. ಮೊಟ್ಟೆ ತಾಗಿದ ಟಿನ್ನು. ಅವಳಿಗೆ ಸ್ವಲ್ಪ ಬೇಜಾರಾಯಿತು, ಆಗಲಿ. ಕೇಕು ಕಲಿತು ಮುಗಿಯುವವರೆಗೆ ಕೋಣೆಗೆ ಮೀನೂ ತರಲಿಲ್ಲ. ಗಂಡ ಹಲ್ವ ಹೊಯ್ಯುತ್ತಿದ್ದ ಹಿತ್ತಾಳೆಯ ಪಾತ್ರೆಯೊಂದಿತ್ತು, ಹೊಸದಾಗಿ ಕಲಾಯಿ ಹಾಕಿಸಿ ಅದನ್ನೇ ಹಿಡಿದೆ.

ಎರಡನೆಯದು ಉಬ್ಬಿತು, ಆದರೆ ಒಳಗೆ ಬರ್ಫಿಯ ಹಾಗೆ ಅಂಟು. ಅರೆದ ಗೇರುಬೀಜ ಎಣ್ಣೆ ಬಿಟ್ಟು ಹಿಟ್ಟನ್ನು ಕೆಳಗೆ ಎಳೆದಿತ್ತು. ಮುಂದಿನ ಸಲ ಅರೆಯಲಿಲ್ಲ. ಒಣಗಿದ ಬೀಜವನ್ನು ಕಂದು ಬಣ್ಣಕ್ಕೆ ಹುರಿದು, ಪೂರ್ತಿ ಆರಿಸಿ, ಒರಳಿನಲ್ಲಿ ರವೆಯಷ್ಟು ತರಿಯಾಗಿ ಕುಟ್ಟಿದೆ. ಕೋಣೆಯೆಲ್ಲ ಘಮ ಬಂತು. ಮೊಟ್ಟೆ ಮಾಡಬೇಕಾದ ಕೆಲಸವನ್ನು ಕೈಯಿಂದ ಮಾಡಿಸಿದೆ. ತುಪ್ಪ ಸಕ್ಕರೆಯನ್ನು ಪರಾತದಲ್ಲಿ ಹಾಕಿ ಅಂಗೈಯಿಂದ ತಿಕ್ಕಿ ತಿಕ್ಕಿ ಬೆಣ್ಣೆಯಷ್ಟು ಬಿಳುಪು ತಂದೆ. ಭುಜ ಬಿದ್ದುಹೋಗುವಂತಾಯಿತು. ಕೇಕು ಹಗುರವಾಗಿ ಎದ್ದಿತು. ಮೇಲೆ ಮಾತ್ರ ಒಣಗಿದ ಗದ್ದೆಯಂತೆ ಬಿರುಕು.

ಬಿರುಕು ಮುಚ್ಚಲು ಸಕ್ಕರೆ ಪಾಕ. ಬಾದುಷಾಕ್ಕೆ ಹಾಕುವ ಹಾಗೆ ಬಿಸಿ ಪಾಕ ಹೊಯ್ದೆ. ಕೇಕು ಅಷ್ಟನ್ನೂ ಕುಡಿದು ಮೆತ್ತಗೆ ಕುಸಿಯಿತು. ಅದನ್ನು ಚಮಚದಲ್ಲಿ ತಿನ್ನಬೇಕಾಯಿತು. ಬಾಯಮ್ಮ ಎರಡು ಸಲ ಹಾಕಿಸಿಕೊಂಡು ತಿಂದು, "ಆಗ್ಲಿಲ್ಲ ಇದು," ಎಂದಳು.

ಕೂತು ಯೋಚಿಸಿದೆ. ಖಾಜಾದ ಮೇಲೆ ಸಕ್ಕರೆ ಬೆಳ್ಳಗೆ ಹಿಡಿಯುತ್ತದಲ್ಲ, ಒಳಗೆ ಇಳಿಯುವುದಿಲ್ಲವಲ್ಲ. ಗಂಡ ಅದನ್ನು ಮಾಡುವುದನ್ನು ನೋಡಿದ್ದೆ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಬೆರಳಿಗೆ ಮೆತ್ತನೆಯ ಗೋಲಿಯಾಗಿ ಸಿಗಬೇಕು. ಆಗ ಇಳಿಸಿ, ಲಿಂಬೆ ಹಿಂಡಿ, ತುಸು ಆರಲು ಬಿಟ್ಟು, ಮರದ ಸೌಟಿನಿಂದ ಬಡಿಯಬೇಕು. ಕನ್ನಡಿಯಂತಿದ್ದ ಪಾಕ ಹಾಲಿನಂತಾಗುತ್ತದೆ. ಅದನ್ನು ಪೂರ್ತಿ ತಣಿದ ಕೇಕಿನ ಮೇಲೆ ಹೊಯ್ದರೆ ಹೊಳೆಯುತ್ತಾ ಅಂಚಿನಿಂದ ಇಳಿದು ಅಲ್ಲೇ ನಿಲ್ಲುತ್ತದೆ. ಗಂಡ ನನಗೆ ಬಿಟ್ಟು ಹೋದದ್ದು ಇಷ್ಟೇ, ಇದು ಕೆಲಸಕ್ಕೆ ಬಂತು.

ಸೇಠರ ಮೊಮ್ಮಗನ ಹುಟ್ಟುಹಬ್ಬದ ಬೆಳಿಗ್ಗೆಯೇ ಅಣ್ಣ ಹಡಗಿನಿಂದ ಇಳಿದು ಬಂದ. ಒಂದು ಕೈಯಲ್ಲಿ ಗೇರುಬೀಜದ ಡಬ್ಬ, ತಲೆಯ ಮೇಲೆ ದೊಡ್ಡ ಕಬ್ಬಿಣದ ಟ್ರಂಕು. ಟ್ರಂಕು ಖಾಲಿ. ನನ್ನ ಸಾಮಾನಿಗೆಂದು ತಂದದ್ದು.

"ನಾಡಿದ್ದು ಹಡಗು," ಎಂದ. "ಎಂತ, ಏನೂ ಕಟ್ಟಿಯೇ ಇಲ್ಲ ನೀನು?"

"ಕಾಫಿ ಕುಡಿ. ಕುಡಿದು ಕೆಂಡಕ್ಕೆ ಗಾಳಿ ಹಾಕು."

"ನಾನು ಕೇಳಿದ್ದು ಸಾಮಾನು."

"ನಾನು ಹೇಳಿದ್ದು ಕೆಂಡ."

ಹುಲ್ಲುಚಾಪೆಯ ತುಂಡು ಹಿಡಿದು ಗಾಳಿ ಹಾಕುತ್ತಾ ಕೂತ. ಬೆವರು ಇಳಿಯಿತು. ನಾನು ತುಪ್ಪ ತಿಕ್ಕುತ್ತಿದ್ದೆ.

"ಊರಲ್ಲಿ ಎಂತ ಹೇಳ್ತಾರೆ ಗೊತ್ತುಂಟಾ? ತಂಗಿಯನ್ನು ಬೊಂಬಾಯಿಯಲ್ಲಿ ಒಬ್ಬಳನ್ನೇ ಬಿಟ್ಟು ಬಂದ ಅಂತ."

"ಹೇಳಿದವರ ಮನೆಯಲ್ಲಿ ನನಗೆ ಒಂದು ಕೋಣೆ ಕೊಡ್ತಾರಾ ಕೇಳು."

"ನಮ್ಮ ಮನೆ ಇಲ್ವಾ?"

"ಅದು ನಿನ್ನ ಮನೆ. ಗಾಳಿ ಮೆಲ್ಲ ಹಾಕು, ಬೂದಿ ಹಾರ್ತದೆ."

ನಾನು ಹಿಟ್ಟು ಹೊಯ್ದು, ಮುಚ್ಚಳ ಮುಚ್ಚಿ, ಕೆಂಡ ಹರಡಿ, ನೀರು ತರಲು ಕೆಳಗೆ ಹೋದೆ. ಮುಚ್ಚಳ ಮುಟ್ಟಬೇಡ ಎಂದು ಹೇಳಿಯೇ ಹೋದೆ. ಕೊಡ ಹೊತ್ತು ಬರುವಾಗ ಅಣ್ಣ ಇಕ್ಕಳ ಹಿಡಿದು, ಮುಚ್ಚಳ ಎತ್ತಿ, ಒಳಗೆ ಬಗ್ಗಿ ನೋಡುತ್ತಿದ್ದ.

"ಒಳ್ಳೆ ಪರಿಮಳ ಬಂತು," ಎಂದ. "ಸೀಯ್ತದಾ ಅಂತ ನೋಡಿದೆ."

ನಾನು ನೋಡುತ್ತಿದ್ದ ಹಾಗೆಯೇ ಕೇಕಿನ ನಡುಮಧ್ಯ ಕೆಳಗಿಳಿಯಿತು. ಬೈಯಲು ಬಾಯಿ ತೆರೆದೆ. ಬೈದರೆ ಉಬ್ಬುವುದಿಲ್ಲ ಎಂದು ಮುಚ್ಚಿದೆ. ಇನ್ನೊಂದು ಮಾಡಲು ಮೈದಾ ಇರಲಿಲ್ಲ. ಪುನಃ ಮುಚ್ಚಿ ಪೂರ್ತಿ ಬೇಯಿಸಿದೆ. ತೆಗೆದಾಗ ಅಂಚು ಎತ್ತರ, ನಡುವೆ ಬಟ್ಟಲಿನಂಥ ಗುಳಿ. ಅಣ್ಣ ಮೂಲೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದ.

"ಇನ್ನು ಕಟ್ಟುದಾ ಸಾಮಾನು?" ಎಂದು ಮೆತ್ತಗೆ ಕೇಳಿದ.

"ಡಬ್ಬ ತೆಗೆ," ಎಂದೆ. ಅವನು ಊರಿನಿಂದ ತಂದ ಗೇರುಬೀಜವನ್ನು ಇಡಿಯಾಗಿ ತುಪ್ಪದಲ್ಲಿ ಹುರಿದೆ. ಗುಳಿಯ ತುಂಬ ಒತ್ತೊತ್ತಾಗಿ ಜೋಡಿಸಿದೆ. ಪಾಕ ಬಡಿಯಲು ಅಣ್ಣನಿಗೇ ಸೌಟು ಕೊಟ್ಟೆ. ಬೆಳ್ಳಗಾಗುವವರೆಗೆ ನಿಲ್ಲಿಸಲು ಬಿಡಲಿಲ್ಲ. ಬೀಜದ ಮೇಲೆ, ಅಂಚಿನ ಮೇಲೆ ಹೊಯ್ದೆ. ಬಿರುಕು ಹೋಯಿತು, ಗುಳಿ ಹೋಯಿತು. ಮೊದಲಿಂದಲೂ ಹಾಗೇ ಯೋಚಿಸಿ ಮಾಡಿದ ಹಾಗೆ ಕಂಡಿತು.

ಸಂಜೆ ಕೇಕನ್ನು ತಟ್ಟೆಯಲ್ಲಿಟ್ಟು ಹೋಟೆಲಿಗೆ ಹೋದೆ, ಅಣ್ಣ ಹಿಂದೆ. ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಎದುರಿನಿಂದಲೇ ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ನಿಂತೆ. ಧಣಿ ಗಲ್ಲಾದಲ್ಲಿ, ಸೇಠ್ ಪಕ್ಕದ ಕುರ್ಚಿಯಲ್ಲಿ.

"ಇಟ್ಟು ಹೋಗು," ಎಂದರು ಧಣಿ.

"ರೂಮು?"

"ಅದು ಆಮೇಲೆ ನೋಡುವ."

"ಹಾಗಾದ್ರೆ ಕೇಕೂ ಆಮೇಲೆ ನೋಡುವ." ತಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತೆ.

ಧಣಿ ಅಣ್ಣನ ಕಡೆ ತಿರುಗಿದರು. "ನೀವು ಇವಳನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದಲ್ವಾ?"

"ಬಂದದ್ದು ಅದಕ್ಕೇ," ಎಂದ ಅಣ್ಣ. ಅವನ ಮುಖದಲ್ಲಿ ಇನ್ನೂ ಬೂದಿ ಇತ್ತು. "ಆದ್ರೆ ಹಡಗಿನಿಂದ ಇಳಿದವ ನಾನು ಸ್ನಾನ ಸಹ ಮಾಡ್ಲಿಲ್ಲ. ಬೆಳಿಗ್ಗೆಯಿಂದ ಗಾಳಿ ಹಾಕಿದ್ದೇನೆ, ಪಾಕ ಬಡಿದಿದ್ದೇನೆ, ಕೈ ಎತ್ಲಿಕ್ಕೆ ಆಗುದಿಲ್ಲ. ಇಷ್ಟು ಮಾಡಿ ರೂಮು ಇಲ್ಲ ಅಂದ್ರೆ ಹೇಗೆ ಧಣಿ?"

ಸೇಠರಿಗೆ ನಮ್ಮ ಮಾತು ತಿಳಿಯಲಿಲ್ಲ. ಅವರ ಕಣ್ಣು ಕೇಕಿನ ಮೇಲಿತ್ತು. "ಅಂಡಾ ನಹೀ ನಾ, ಬೆಹೆನ್?" ಎಂದು ಕೇಳಿದರು. ನಹೀ ಎಂದೆ. "ಬರ್ತನ್?" ಎಂದರು. ಬಾಯಮ್ಮನ ಟಿನ್ನು ನೆನಪಾಯಿತು. ನನ್ನದೇ ಪಾತ್ರೆ, ಮೊಟ್ಟೆ ಮುಟ್ಟಿದ್ದಲ್ಲ ಎಂದು ನನ್ನ ಹರಕು ಹಿಂದಿಯಲ್ಲಿ, ಅವರ ಮುಖ ನೋಡಿಯೇ ಹೇಳಿದೆ. ಹೇಳಲು ಅಂಜಿಕೆಯಾಗಲಿಲ್ಲ.

ಸೇಠ್ ಕೈ ಚಾಚಿ ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲೆ ನಡುವಿನಿಂದ ಒಂದು ಗೇರುಬೀಜ ಕಿತ್ತರು. ಆಮೇಲೆ ಇನ್ನೊಂದು. "ಬೀಚ್ ಮೇ ಕಾಜು, ಯೇ ಅಚ್ಛಾ ಕಿಯಾ," ಎಂದರು. ಮುಂದಿನ ವಾರ ತಮ್ಮನ ಮನೆಗೂ ಇಂಥದ್ದೇ ಬೇಕು, ನಡುವೆ ಹೀಗೆಯೇ ಗೇರುಬೀಜ ಇರಬೇಕು ಎಂದು ಧಣಿಗೆ ಹೇಳಿದರು.

ಧಣಿ ನನ್ನ ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು. "ಆಯ್ತು ಮಾರಾಯ್ತಿ. ಸದ್ಯಕ್ಕೆ ಇರು ರೂಮಿನಲ್ಲಿ."

"ಸದ್ಯಕ್ಕೆ ಅಲ್ಲ. ನಾನು ಕೇಕು ಮಾಡುವಷ್ಟು ಕಾಲ."

"ಆಯ್ತು. ಹೊಸಬನಿಗೆ ಬೇರೆ ಎಲ್ಲಿಯಾದ್ರೂ ನೋಡ್ತೇನೆ. ಇನ್ನಾದ್ರೂ ಇಡು ಅದನ್ನು."

ಇಟ್ಟೆ. ಕೈ ಜೋಮು ಹಿಡಿದಿತ್ತು.

ಅಣ್ಣ ಹಡಗಿನ ದಿನದವರೆಗೆ ಇದ್ದ. ಹೊರಡುವಾಗ ಟ್ರಂಕನ್ನು ಎತ್ತಿ ನೋಡಿ, ಖಾಲಿ ಟ್ರಂಕು ಹೊತ್ತುಕೊಂಡು ಊರಿಗೆ ಹೋದರೆ ಜನ ನಗುತ್ತಾರೆ, ನೀನೇ ಇಟ್ಟುಕೋ ಎಂದ. ಅತ್ತಿಗೆಗೆ ಒಂದು ಸಣ್ಣ ಕೇಕು ಕಟ್ಟಿ ಕೊಟ್ಟೆ. ಹಡಗಿನಲ್ಲೇ ತಿಂದು ಮುಗಿಸಿದನೆಂದು ಆಮೇಲೆ ತಿಳಿಯಿತು.

ಆ ಕೋಣೆಯಲ್ಲಿ ನಾನು ಕೂದಲು ಬೆಳ್ಳಗಾಗುವವರೆಗೆ ಇದ್ದೆ. ಗುಜರಾತಿ ಗಲ್ಲಿಯವರು ನಡುವೆ ಬೀಜ ತುಂಬಿದ್ದೇ ಬೇಕೆಂದು ಕೇಳುತ್ತಿದ್ದರು. ಹಾಗಾಗಿ ಪ್ರತಿ ಸಲ ಕೇಕು ಚೆನ್ನಾಗಿ ಎದ್ದು ನಿಂತ ಹೊತ್ತಿಗೆ ನಾನೇ ಮುಚ್ಚಳ ತೆಗೆದು ಗುಳಿ ಬೀಳಿಸಬೇಕಿತ್ತು. ಟ್ರಂಕನ್ನು ಕಿಟಕಿಯ ಕೆಳಗಿಟ್ಟು ಮೈದಾ ತುಂಬಿಸಿದೆ. ಇಲಿಯ ಕಾಟ ತಪ್ಪಿತು.