ಶಿವಣ್ಣನವರ ಕಿವಿಗೆ ಹಾಕಿದ ಹೆಡ್‌ಫೋನ್

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷಿನ್ ರಿಪೇರಿಗೆಂದು ಹೆತ್ತೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿಗೆ ಹೋಗಿದ್ದೆ. ಊಟ ಮುಗಿಸಿ ಸ್ಟೋರ್ ಜಗಲಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಿದ್ದೆ. ನನ್ನ ಪುಟ್ಟ ಪ್ಲೇಯರ್‌ನ ದನಿ ತೀರಾ ಪೀಚು. ಆದರೆ ಬೆಂಕಿಪೊಟ್ಟಣದಷ್ಟಿರುವ ಒಂದು ಆಂಪ್ಲಿಫೈಯರನ್ನು ನಡುವೆ ಸಿಕ್ಕಿಸಿದರೆ ತಬಲದ ಪೆಟ್ಟು ಎದೆಗೇ ತಾಗುತ್ತದೆ.

ಎಸ್ಟೇಟಿನ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಶಿವಣ್ಣ ಬಂದು ಪಕ್ಕದಲ್ಲಿ ಕೂತರು. ವರ್ಷಗಟ್ಟಲೆ ಪಲ್ಪರ್ ಸದ್ದಿನಲ್ಲೇ ದುಡಿದು ಅವರ ಕಿವಿ ಹೋಗಿದೆ. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ.

"ಈ ಡಬ್ಬಿ ಸೌಂಡ್ ಜಾಸ್ತಿ ಮಾಡ್ತೈತಾ?"

ತಲೆಯಾಡಿಸಿದೆ. ಅವರು ಮೊಬೈಲ್ ಕೊಟ್ಟರು.

"ನಮ್ಮನೆಯೋಳು ತೀರ್ಕೊಳೋ ಮುಂಚೆ ಮಗಳಿಗೆ ಕಳ್ಸಿದ್ದ ಮಾತು ಇದ್ರಲ್ಲೈತೆ. ಏನಂದಿದ್ಲು ಅಂತ ಮಗಳು ಹೇಳವ್ಳೆ. ನಂಗೆ ದನಿ ಬೇಕಿತ್ತು ಕಣ್ರೀ."

ಆಂಪ್ಲಿಫೈಯರ್ ಸಿಕ್ಕಿಸಿ ಮೊದಲು ನಾನೇ ಕೇಳಿದೆ. "ಮಳೇಲಿ ನೆನೀಬೇಡ ಅನ್ನು ನಿಮ್ಮಪ್ಪಂಗೆ. ನಾನು ಕೂಗಿದ್ರೆ ಕೇಳಲ್ಲ." ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು.

ಅವರ ಕಿವಿಗೆ ಹಾಕಿ ಸೌಂಡ್ ಪೂರ್ತಿ ಏರಿಸಿದೆ. ಶಿವಣ್ಣ ಕಣ್ಣು ಮುಚ್ಚಿದರು. ಹೆಡ್‌ಫೋನಿನಿಂದ ಹೊರಗೆ ಸೋರಿದ ಆ ದನಿ ನನಗೇ ಕೇಳಿಸುತ್ತಿತ್ತು. ಮಾತು ಮುಗಿದ ಮೇಲೂ ಅವರು ಹಾಗೇ ಕಾಯುತ್ತಿದ್ದರು. ಮುಗಿಯಿತು ಎಂದು ನಾನು ಭುಜ ಮುಟ್ಟಿ ತಿಳಿಸಬೇಕಾಯಿತು.

"ಕಿವಿ ನಡುಗ್ತು, ಅಷ್ಟೇ," ಎಂದರು. ಆಮೇಲೆ ನನ್ನ ತುಟಿಯನ್ನೇ ನೋಡುತ್ತಾ ಕೇಳಿದರು: "ಹೆಂಗಿತ್ತು ದನಿ?"

"ಸ್ವಲ್ಪ ಗೊಗ್ಗರು," ಎಂದೆ.

"ನಂಗೆ ಕೇಳ್ತಿದ್ದಾಗ ಹಂಗಿರ್ಲಿಲ್ಲ."

ಒಳ್ಳೆಯ ಸೌಂಡ್ ಎಂದರೇನು ಎಂದು ಸಿಕ್ಕಸಿಕ್ಕವರ ತಲೆ ತಿನ್ನುವ ನಾನು ಅವರ ಕಿವಿಯಿಂದ ಹೆಡ್‌ಫೋನ್ ತೆಗೆದು ಹಾಕಿಕೊಂಡು ಆ ದನಿಯನ್ನು ಮತ್ತೆ ಮೊದಲಿನಿಂದ ಕೇಳತೊಡಗಿದೆ.