ಕೋಯಾಕ್ಕನ ಪೆಟ್ಟಿಗೆಯ ಗೊರಗೊರ

ಇಂಬಿಚ್ಚಿಕೋಯ ನನಗೆ ಷಡ್ಡಕ. ನಾನು ಕರೆಯುವುದು ಕೋಯಾಕ್ಕ ಎಂದು; ನಮ್ಮಲ್ಲಿ 'ಇಕ್ಕ' ಅಂದರೆ ಅಣ್ಣ. ಮನೆಯ ಹಿರಿಮಗಳನ್ನು ಮದುವೆಯಾದವರು ಅವರು, ಎರಡನೆಯವಳನ್ನು ಕಟ್ಟಿಕೊಂಡವನು ನಾನು. ಕಲ್ಲಿಕೋಟೆಯ ನಮ್ಮ ಕೇರಿಯಲ್ಲಿ ಗಂಡಸು ಮದುವೆಯಾದರೆ ಹೆಂಡತಿಯ ಮನೆಗೇ ಹೋಗಿ ಇರಬೇಕು. ತಲೆ ನೆರೆತು ಹಲ್ಲು ಉದುರಿದರೂ ಅವನು ಆ ಮನೆಗೆ 'ಪುದಿಯಾಪ್ಳ', ಅಂದರೆ ಹೊಸ ಮದುಮಗನೇ. ಕೋಯಾಕ್ಕನಿಗೆ ಮೊಮ್ಮಗ ಹುಟ್ಟಿದ ದಿನವೂ ನಮ್ಮ ಅತ್ತೆ ಕದೀಸಬಿ ಅಮ್ಮಾಯಿ "ಪುದಿಯಾಪ್ಳನಿಗೆ ಚಹಾ ಕೊಡಿ" ಎಂದೇ ಕೂಗಿದ್ದು. ಕೇಳಲಿಕ್ಕೇನೋ ಚೆಂದ. ಆದರೆ ಈ ಮದುಮಗನಿಗೆ ಸ್ವಂತದ್ದೆಂದು ಒಂದು ಮೂಲೆಯೂ ಇರುವುದಿಲ್ಲ. ತಾಯಿಯ ಮನೆ ಅಕ್ಕತಂಗಿಯರದು, ಹೆಂಡತಿಯ ಮನೆ ಅತ್ತೆಯದು. ಎರಡರ ನಡುವೆ ಚಪ್ಪಲಿ ಸವೆಸುವವರು ನಾವು.

ಹಗಲೆಲ್ಲ ಕೊಬ್ಬರಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಕೋಯಾಕ್ಕ ಅದು ಹೇಗೋ ಅಮ್ಮಾಯಿಯನ್ನು ಕಾಡಿ ಬೇಡಿ ಮಾಳಿಗೆಯ ಮೂಲೆಯ ಪುಟ್ಟ ಕೋಣೆಯೊಂದನ್ನು ಗಿಟ್ಟಿಸಿಕೊಂಡಿದ್ದರು. ಕುವೈತಿನಿಂದ ಬಂದವರ ಬೆನ್ನು ಬಿದ್ದು ಒಬ್ಬರಿಂದ ಆಂಪ್ಲಿಫಯರ್, ಇನ್ನೊಬ್ಬರಿಂದ ಕ್ಯಾಸೆಟ್ ಪ್ಲೇಯರ್, ಮತ್ತೊಬ್ಬರಿಂದ ಸೊಂಟದೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ತಂದು ಅಲ್ಲಿ ಜೋಡಿಸಿದ್ದರು. ಶುಕ್ರವಾರ ಸಂಜೆ ನಾವು ನಾಲ್ಕಾರು ಮಂದಿ ಚಾಪೆಯ ಮೇಲೆ ಕೂತು ಗಜಲ್ ಕೇಳುತ್ತಿದ್ದೆವು. ನಮ್ಮೂರಿನವರಿಗೆ ಹೊಟ್ಟೆಗಿಲ್ಲದಿದ್ದರೂ ನಡೆದೀತು, ಕಿವಿಗೆ ಬೇಕೇ ಬೇಕು. ಆದರೆ ಪೆಟ್ಟಿಗೆಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಒಮ್ಮೆ ಅದರ ತಲೆಯ ಮೇಲೆ ಸುಲೈಮಾನಿ ಚಹಾದ ಗ್ಲಾಸು ಇಟ್ಟದ್ದಕ್ಕೆ ಕೋಯಾಕ್ಕ ಇಡೀ ಮಳೆಗಾಲ ನನ್ನೊಡನೆ ಮಾತು ಬಿಟ್ಟಿದ್ದರು.

ಮನೆಯ ಕಿರಿಮಗಳು ನಫೀಸಳ ನಿಕಾಹ್ ಮುಗಿದದ್ದೇ ತಡ, ಅಮ್ಮಾಯಿಯ ಕಣ್ಣು ಆ ಕೋಣೆಯ ಮೇಲೆ ಬಿತ್ತು.

"ಜಮ್ಶೀದ್ ಪುದಿಯಾಪ್ಳನ ಸ್ನೇಹಿತರು ಬಂದ್ರೆ ಎಲ್ಲಿ ಕೂರೋದು? ನನ್ನ ತಲೆ ಮೇಲಾ? ಆ ಪೆಟ್ಟಿಗೆ ತೆಗೀರಿ ಕೋಯಾ, ಕೋಣೆ ಬೇಕು."

ಕೋಯಾಕ್ಕನ ಮುಖ ಬಿಳಿಚಿತು. "ಅಮ್ಮಾಯಿ, ಶುಕ್ರವಾರ ಹುಡುಗ ಮೊದಲ ಔತಣಕ್ಕೆ ಬರ್ತಾನಲ್ಲ, ಊಟ ಆದ್ಮೇಲೆ ನಾನೊಂದು ಹಾಡು ಕೇಳಿಸ್ತೇನೆ. ಅವನು ತಲೆದೂಗಿದ್ರೆ ಕೋಣೆ ನನಗಿರಲಿ. ಇಲ್ಲಾಂದ್ರೆ ನಾನೇ ಪೆಟ್ಟಿಗೆ ಹೊತ್ತು ಕೆಳಗಿಳಿಸ್ತೇನೆ."

"ಆಯ್ತು. ಮಾತು ಮಾತೇ," ಎಂದರು ಅಮ್ಮಾಯಿ.

ನಾಲಿಗೆಯ ಮೇಲೆ ಶನಿ ಕೂತಿದ್ದನೋ ಏನೋ. ಮಾರನೆಯ ಸಂಜೆ ಹಾಡು ಹಾಕಿದರೆ, ತಬಲಾದ ಡಗ್ಗಾ ಬಡಿದಾಗಲೆಲ್ಲ ಎಡಗಡೆಯ ಪೆಟ್ಟಿಗೆ 'ಗೊರ್ರ್' ಎನ್ನತೊಡಗಿತು!

ನಮ್ಮ ಕೂಟದ ಪಂಡಿತ ದರ್ಜಿ ಸುಗುಣನ್. ಮದುವೆಮನೆಗಳಲ್ಲಿ ಹಾರ್ಮೋನಿಯಂ ನುಡಿಸುವವನು. ಅವನು ಕಣ್ಣು ಮುಚ್ಚಿ, ಕಿವಿ ಅರಳಿಸಿ, ತೀರ್ಪು ಕೊಟ್ಟ.

"ಸಮುದ್ರದ ಗಾಳಿ ಮಾರಾಯ. ತಂತಿಗೆ ಉಪ್ಪು ಹಿಡಿದಿದೆ."

ತಂತಿಯ ತುದಿಗಳನ್ನೆಲ್ಲ ಉಜ್ಜಿ ಹೊಳೆಯಿಸಿದೆವು. ಗೊರ್ರ್.

"ಹಾಗಾದ್ರೆ ಕ್ಯಾಸೆಟ್ ಓದೋ ತಲೆ ಕೊಳೆಯಾಗಿದೆ. ಸ್ಪಿರಿಟ್ ಹಾಕಿ ಒರೆಸ್ಬೇಕು."

"ಸ್ಪಿರಿಟ್ಟಾ? ಈ ಮನೆಯಲ್ಲಾ?" ಕೋಯಾಕ್ಕ ಬಾಗಿಲ ಕಡೆ ನೋಡಿದರು. "ವಾಸನೆ ಅಮ್ಮಾಯಿ ಮೂಗಿಗೆ ಬಡಿದ್ರೆ ನನ್ನನ್ನೂ ಪೆಟ್ಟಿಗೆಯನ್ನೂ ಒಟ್ಟಿಗೇ ಉರುಳಿಸ್ತಾರೆ."

ಆಗ ಬುದ್ಧಿವಂತನಾದ ನಾನು ಬಾಯಿ ಹಾಕಿದೆ. "ಅತ್ತರು ಉಂಟಲ್ಲ ಕೋಯಾಕ್ಕ! ಅದೂ ಸ್ಪಿರಿಟ್ಟಿನ ತಮ್ಮನೇ. ಹಲಾಲ್ ತಮ್ಮ."

ಮದುವೆಗೆ ತಂದ ಮಲ್ಲಿಗೆ ಅತ್ತರನ್ನು ಹತ್ತಿಯಲ್ಲಿ ಅದ್ದಿ ಚೆನ್ನಾಗಿ ಒರೆಸಿದೆವು. ಅತ್ತರೆಂದರೆ ಎಣ್ಣೆ ಎಂಬುದು ಹಾಡು ಹಾಕಿದ ಮೇಲೆ ತಿಳಿಯಿತು. ಟೇಪು ಜಾರಿತು. ಗಾಯಕ ಬಿರಿಯಾನಿ ತಿಂದು ಮಂಚದ ಮೇಲೆ ಉರುಳಿದವನಂತೆ ಎಳೆದೆಳೆದು ಹಾಡಿದ, ನಡುನಡುವೆ ಗೊರ್ರ್ ಎಂದು ಗೊರಕೆ. ಕೋಣೆಯೆಲ್ಲ ಮಲ್ಲಿಗೆ! ಸುಗುಣನ್ ಚಾಪೆಯ ಮೇಲೆ ಬಿದ್ದು ಹೊರಳಾಡಿ ನಕ್ಕ. ನಾನೂ ನಕ್ಕೆ. ಕೋಯಾಕ್ಕ ನಗಲಿಲ್ಲ. "ನಿಮಗೆ ನಗು, ನನಗೆ ಕೋಣೆಯ ಚಿಂತೆ," ಎಂದರು. ನಮ್ಮ ನಗು ಅಲ್ಲೇ ಉಡುಗಿತು.

ಮರುದಿನ ಅತ್ತರೆಲ್ಲ ಒರೆಸಿ, ಸುಗುಣನ್ ಕೊನೆಗೂ ಸರಿಯಾದ ಮಾತೊಂದನ್ನು ಆಡಿದ. "ಆಂಪ್ಲಿಫಯರಿನ ಹತ್ರ ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕುವ. ಗೊರಗೊರ ಆಚೆ ಹೋದ್ರೆ ಆಂಪ್ಲಿಫಯರಿಗೆ ಕಾಯಿಲೆ. ಇಲ್ಲೇ ಇದ್ರೆ ಪೆಟ್ಟಿಗೆಗೆ."

ಹಾಕಿದೆವು. ಗೊರಗೊರ ಎಡಗಡೆಯಲ್ಲೇ ಉಳಿಯಿತು. ಕೋಯಾಕ್ಕ ಪೆಟ್ಟಿಗೆಯ ಮುಂದಿನ ಬಟ್ಟೆ ಬಿಚ್ಚಿ, ಒಳಗಿನ ಕಾಗದದ ಬೋಗುಣಿಯ ಮೇಲೆ ಮಗುವಿನ ಹಣೆ ಮುಟ್ಟಿದಂತೆ ಬೆರಳಾಡಿಸಿದರು. ಎಲ್ಲೂ ಹರಿದಿರಲಿಲ್ಲ. ಹಾಗಾದರೆ ಬಿಚ್ಚಿಯೇ ನೋಡಬೇಕೆಂದು ಸ್ಕ್ರೂಡ್ರೈವರ್ ಹಿಡಿದರೋ ಇಲ್ಲವೋ, ಬಾಗಿಲಲ್ಲಿ ಅಮ್ಮಾಯಿ.

"ಅಯ್ಯೋ ರಬ್ಬೇ! ಹೊಸ ಪುದಿಯಾಪ್ಳ ಬರೋ ವಾರ ಸ್ಕ್ರೂ ಬಿಚ್ಚೋದಾ? ಸಂಬಂಧ ಸಡಿಲ ಆಗ್ತದೆ! ಕೆಳಗಿಡಿ ಅದನ್ನ!"

ಇಂಥದ್ದೊಂದು ಶಾಸ್ತ್ರವನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಆದರೆ ಅಮ್ಮಾಯಿ ಹೇಳಿದ ಮೇಲೆ ಅದು ಶಾಸ್ತ್ರವೇ. ಕೋಯಾಕ್ಕ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು.

ಆ ವಾರ ನನಗೂ ಒಂದು ಸಂಕಟವಿತ್ತು. ಔತಣಕ್ಕೆ ಕರಿಯುವ ಬಾಳೆಹಣ್ಣಿನ ಸಿಹಿತಿಂಡಿ ಉನ್ನಕ್ಕಾಯಕ್ಕೆಂದು ತಂದ ಗೇರುಬೀಜ, ದ್ರಾಕ್ಷಿ ಎಲ್ಲಿವೆಯೆಂದೇ ತಿಳಿಯುತ್ತಿರಲಿಲ್ಲ. ಸಂಜೆ ಅಡುಗೆಮನೆಯ ಕಡೆ ಹೋಗಿ ನಾಲ್ಕು ಬೀಜ ಬಾಯಿಗೆ ಹಾಕಿಕೊಳ್ಳುವುದು ಈ ಮನೆಯ ಅಳಿಯಂದಿರ, ಸೋದರಮಾವಂದಿರ, ಮಕ್ಕಳ ಪರಂಪರಾಗತ ಹಕ್ಕು. ಡಬ್ಬಗಳೆಲ್ಲ ಬರಿದು. ಅಕ್ಕಿಯ ಪೀಪಾಯಿಯಲ್ಲೂ ಕೈಯಾಡಿಸಿ ಬಂದೆ, ಅಕ್ಕಿಯೇ ಸಿಕ್ಕಿತು.

ಗುರುವಾರ ಇನ್ನೂ ದೊಡ್ಡ ಅನಾಹುತ. ಬಲಗಡೆಯ ಪೆಟ್ಟಿಗೆಯೂ ಗೊರ್ರ್ ಎಂದಿತು!

"ಅಂಟುರೋಗ," ಎಂದ ಸುಗುಣನ್, ಹೆದರಿದ ದನಿಯಲ್ಲಿ.

ಶುಕ್ರವಾರ ಜಮ್ಶೀದ್ ಬಂದ. ಉಣ್ಣಿಸಿ ಉಣ್ಣಿಸಿ ಅವನನ್ನು ಏಳಲಾರದಂತೆ ಮಾಡಿ, ಎರಡೂ ಕಡೆ ಹಿಡಿದು ಮಾಳಿಗೆ ಹತ್ತಿಸಿದೆವು. ಅಮ್ಮಾಯಿಯೂ ಬಂದು ಬಾಗಿಲಲ್ಲಿ ನಿಂತರು. ಕೋಯಾಕ್ಕ ಬಿಸ್ಮಿ ಹೇಳಿ ಗುಂಡಿ ಒತ್ತಿದರು. ಸಾರಂಗಿ ಚೆನ್ನಾಗಿಯೇ ಬಂತು. ಜಮ್ಶೀದ್ ತಲೆದೂಗಲು ಕತ್ತು ಎತ್ತಿದ. ಅಷ್ಟರಲ್ಲಿ ಡಗ್ಗಾ ಬಿತ್ತು. ನಮ್ಮೂರ ಕಲ್ಲಾಯಿಯ ಮರ ಕೊಯ್ಯುವ ಮಿಲ್ಲುಗಳೆಲ್ಲ ಒಟ್ಟಿಗೇ ಚಾಲೂ ಆದಂತಾಯಿತು.

"ಇಕ್ಕಾ," ಎಂದ ಹುಡುಗ ತುಂಬ ಮರ್ಯಾದೆಯಿಂದ, "ಇದು ಯಾವ ವಾದ್ಯ?"

ಕೋಯಾಕ್ಕ ಹಾಡು ನಿಲ್ಲಿಸಿದರು. "ಸೋತೆ. ಕೋಣೆ ನಿನ್ನದು ಮಗನೇ," ಎಂದು, ನಾವು ತಡೆಯುವ ಮೊದಲೇ ಎಡಗಡೆಯ ಪೆಟ್ಟಿಗೆಯನ್ನು ಅಪ್ಪಿ ಎತ್ತಿದರು. ಕಣ್ಣು ತುಂಬಿತ್ತು. ಎತ್ತಿದ ಭರಕ್ಕೆ ಪೆಟ್ಟಿಗೆ ಹಿಂದಕ್ಕೆ ವಾಲಿತು. ಗೋಡೆಯ ಕಡೆಗಿದ್ದ ಅದರ ಬೆನ್ನಿನ ಗಾಳಿಕಿಂಡಿಯಿಂದ ಒಂದು ದ್ರಾಕ್ಷಿ ಬಿತ್ತು. ಹಿಂದೆಯೇ ಇನ್ನೊಂದು. ಮತ್ತೆ ಜಡಿಮಳೆ! ಗೇರುಬೀಜ, ಪಿಸ್ತಾ, ಏಲಕ್ಕಿ, ಬಾಯಿ ಬಿಚ್ಚಿದ ಪ್ಲಾಸ್ಟಿಕ್ ಪೊಟ್ಟಣಗಳು. ಬಲಗಡೆಯದನ್ನು ನಾನೇ ಓಡಿಹೋಗಿ ಬಗ್ಗಿಸಿದೆ. ಅದರಲ್ಲಿ ಬಾದಾಮಿ.

ಎಲ್ಲರೂ ಅಮ್ಮಾಯಿಯ ಕಡೆ ತಿರುಗಿದೆವು.

"ಎಂತ ನೋಡ್ತೀರಿ?" ಅಮ್ಮಾಯಿ ಸೆರಗು ಬಿಗಿದರು. "ಮತ್ತೆಲ್ಲಿಡಬೇಕಿತ್ತು? ಕಪಾಟಿನ ಬೀಗ ಸೋದರಮಾವಂದಿರು ತೆಗೀತಾರೆ, ಡಬ್ಬ ಮಕ್ಕಳು ತೆಗೀತಾರೆ. ಅಸ್ಸೈನಾರ್ ಪುದಿಯಾಪ್ಳ ಅಕ್ಕಿಗೂ ಕೈ ಹಾಕ್ತಾರೆ." ಅದು ನಾನು. "ಈ ಮನೆಯಲ್ಲಿ ಯಾರೂ ಮುಟ್ಟದ ಜಾಗ ಅಂದ್ರೆ ಕೋಯನ ಪೆಟ್ಟಿಗೆ ಒಂದೇ."

"ಅಮ್ಮಾಯಿ," ಕೋಯಾಕ್ಕ ದ್ರಾಕ್ಷಿಯ ನಡುವೆ ನಿಂತು ಕೇಳಿದರು, "ಹಾಡು ಕೆಟ್ಟದ್ದು ಇದರಿಂದ ಅಂತ ನಿಮಗೆ ಗೊತ್ತಾಗ್ಲಿಲ್ವಾ?"

"ಕೆಟ್ಟಿತ್ತಾ? ನಿಮ್ಮ ಹಾಡು ನನಗೆ ಮೊದಲಿಂದ್ಲೂ ಹಾಗೇ ಕೇಳೋದು."

ಜಮ್ಶೀದ್ ನಕ್ಕ ನಗೆಗೆ ಅವನ ಅಂಗಿಯ ಗುಂಡಿಯೇ ಹಾರಿತು. ಹಾಡು ಮತ್ತೆ ಹಾಕಿದೆವು. ಯಾ ಅಲ್ಲಾಹ್, ಆ ಡಗ್ಗಾ! ಎದೆಯೊಳಗೆ ಯಾರೋ ಮೆಲ್ಲಗೆ ತಟ್ಟಿದ ಹಾಗೆ. ಹುಡುಗ ಗೇರುಬೀಜ ಮೆಲ್ಲುತ್ತ, ಕಣ್ಣು ಮುಚ್ಚಿ, ಒಂದಲ್ಲ ಹತ್ತು ಸಲ ತಲೆದೂಗಿದ. ಮುಂದಿನ ಶುಕ್ರವಾರ ತನಗೂ ಚಾಪೆಯಲ್ಲಿ ಜಾಗ ಬೇಕೆಂದ.

ಅಮ್ಮಾಯಿ ಸೊಂಟದ ಬೆಳ್ಳಿಪಟ್ಟಿಯಿಂದ ಬೀಗದಕೈ ಗೊಂಚಲು ಬಿಚ್ಚಿ, ಅದರಿಂದ ಒಂದನ್ನು ಹೆಕ್ಕಿ ಕೋಯಾಕ್ಕನ ಮುಂದೆ ಹಿಡಿದರು.

"ಈ ಕೋಣೆದು. ನಿಮ್ಮ ಹತ್ರವೇ ಇರಲಿ."

ಆ ಮನೆಯಲ್ಲಿ ಯಾವ ಅಳಿಯನ ಕೈಗೂ ಅಲ್ಲಿಯ ತನಕ ಒಂದು ಬೀಗದಕೈ ಬಂದದ್ದಿಲ್ಲ. ನನ್ನ ಮಾವ ಅಳಿಯನಾಗಿ ಬಂದು ಅಳಿಯನಾಗಿಯೇ ತೀರಿಹೋದವರು, ಅವರಿಗೂ ಸಿಕ್ಕಿರಲಿಲ್ಲ. ಕೋಯಾಕ್ಕ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಕ ನೋಡಿದರು. ಆಮೇಲೆ ನಮ್ಮನ್ನೆಲ್ಲ, ಔತಣದ ಮದುಮಗನನ್ನೂ ಸೇರಿಸಿ, ನಯವಾಗಿ ಹೊರಗೆ ದೂಡಿ, ಬಾಗಿಲು ಹಾಕಿಕೊಂಡು ಒಳಗಿನಿಂದ ಬೀಗ ತಿರುಗಿಸಿದರು.

ನಾವು ಹೊರಗೆ ಕಿವಿಗೊಟ್ಟು ನಿಂತೆವು. ಹಾಡು ಬರಲಿಲ್ಲ. ಏನೂ ಬರಲಿಲ್ಲ. ಸುಗುಣನ್ ಗಾಬರಿಯಾಗಿ ಬಾಗಿಲು ತಟ್ಟಿದ. "ಕೋಯಾ, ಒಳಗೆ ಎಂತ ಮಾಡ್ತಿದ್ದಿ ಮಾರಾಯ?"

"ಏನೂ ಇಲ್ಲ," ಎಂದಿತು ಒಳಗಿನ ದನಿ, ಅಳುವೋ ನಗುವೋ ತಿಳಿಯದ ಹಾಗೆ. "ಸುಮ್ಮನೆ ನನ್ನ ಕೋಣೆಯಲ್ಲಿ ಕೂತಿದ್ದೇನೆ."